ಏಳೂವರೆಯ ಹಾಜರಿ

ಒಂದನೇ ಇಯತ್ತೆಯ ಮಕ್ಕಳ ಬೆಂಚು;
ದೊಡ್ಡವರ ಮೊಣಕಾಲು ಒಳಗೆ ಹೋಗುವುದಿಲ್ಲ.
ಅಡ್ಡ ಕೂತು, ಒಂದು ಕಾಲು ಹೊರಗೆ ಚಾಚಿ
ದೋಣಿಯ ಅಂಚಿಗೆ ಕೂತಂತೆ ಕೂರುತ್ತಾರೆ
ಬೈತಖೋಲದ ಶಾಲೆಯಲ್ಲಿ ನನ್ನ ಹದಿಮೂರು ಮಂದಿ.

ಹಾಜರಿ ಕರೆಯುತ್ತೇನೆ.
ಮೋಹಿನಿ ತಾಂಡೇಲ. ಇದ್ದೇನೆ.
ನಸುಕಿನ ಮೂರಕ್ಕೆ ಎದ್ದವಳು,
ಕೈಯಲ್ಲಿ ಇನ್ನೂ ಶೆಟ್ಲಿಯ ವಾಸನೆ; ಸೋಪು ಸೋತಿದೆ.
ಬೊಮ್ಮು ಗೌಡ.
ಬೊಮ್ಮು ಗೌಡ?
ಪಕ್ಕದ ಗಫೂರ ಮೊಣಕೈಯಿಂದ ತಿವಿದು ನೋಡಿ
ಸಾಕ್ಷಿ ಹೇಳುತ್ತಾನೆ: ಇದ್ದಾನೆ ಅಕ್ಕೋರೆ,
ಮೈ ಮಾತ್ರ.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು ನಮಗೆ:
ಚಪ್ಪಾಳೆ ತಟ್ಟಿಸಿ, ಚಿತ್ರಪಟ ತೋರಿಸಿ, ಆಟ ಆಡಿಸಿ.
ಆಡಿಸಿದೆ.
ಅರವತ್ತೊಂದರ ಇನಾಸ್ ಮಾಮ ಎದ್ದು ನಿಂತು
ಎರಡು ಸಲ ಚಪ್ಪಾಳೆ ತಟ್ಟಿದರು, ನನ್ನ ಮರ್ಯಾದೆಗೆ.
ಆಮೇಲೆ ಮೆಲ್ಲಗೆ ಕೇಳಿದರು:
ಅಕ್ಕೋರೆ, ಇದು ಪರೀಕ್ಷೆಗೆ ಬರ್ತದಾ?

ಶೇಕಡಾ ಲೆಕ್ಕಕ್ಕೆ ಪುಸ್ತಕದಲ್ಲೊಬ್ಬ ವ್ಯಾಪಾರಿ
ವರ್ಷವಿಡೀ ಮಾವಿನಹಣ್ಣು ಮಾರುತ್ತಾನೆ.
ಅವನಿಗಾಗಿ ಯಾರೂ ಕಣ್ಣು ಬಿಡಲಿಲ್ಲ.
ಅವನನ್ನು ಒರೆಸಿ ಹಾಕಿ ಬರೆದೆ:
ಬಂಗಡೆ, ಬುಟ್ಟಿಗೆ ಎರಡು ಸಾವಿರದ ನಾನೂರು;
ದಲಾಲಿ ನೂರಕ್ಕೆ ಆರು.
ಆರಲ್ಲ! ಎಂಟು ಮುರೀತಾನೆ ಅಂವ!
ಮೋಹಿನಿ ಎದ್ದೇಬಿಟ್ಟಿದ್ದಳು.
ನನ್ನ ಕೈಯ ಸೀಮೆಸುಣ್ಣ ಯಾವಾಗ ಅವಳ ಕೈ ಸೇರಿತೋ,
ಆರಕ್ಕೂ ಎಂಟಕ್ಕೂ ನಡುವೆ
ಬುಟ್ಟಿಗೆ ನಲವತ್ತೆಂಟು ರೂಪಾಯಿ,
ದಿನಕ್ಕೆ ಎರಡು ಬುಟ್ಟಿ, ಹದಿನಾಲ್ಕು ವರ್ಷ,
ಒಂದರ ಕೆಳಗೊಂದು ಇಳಿಯುತ್ತಾ ಹೋದಳು;
ಹಲಗೆ ಮುಗಿಯಿತು, ಲೆಕ್ಕ ಮುಗಿಯಲಿಲ್ಲ.
ಆ ರಾತ್ರಿ ಒಂಬತ್ತೂವರೆಗೂ ಯಾರೂ ಆಕಳಿಸಲಿಲ್ಲ.

ಆದರೆ ದಿನವೂ ಬಂಗಡೆ ಬೀಳುವುದಿಲ್ಲ ಬಲೆಗೆ.
ಮರುದಿನ ವ್ಯಾಕರಣ.
ಭೂತ, ವರ್ತಮಾನ, ಭವಿಷ್ಯತ್,
ಹಿಂದಿನ ಸಾಲಿನಲ್ಲಿ ಮೂರೂ ಕಾಲಕ್ಕೆ ಒಂದೇ ಗೊರಕೆ.
ಬೊಮ್ಮುವಿನ ತಲೆ
ಇಳಿತದ ಹೊತ್ತು ಮರಳಿಗೆ ಕೂರುವ ದೋಣಿಯ ಹಾಗೆ
ನಿಧಾನ, ಒಂದು ಬದಿಗೆ ವಾಲಿ, ಪಟ್ಟಿಯ ಮೇಲೆ ಕೂತಿತು.
ಎಬ್ಬಿಸಲು ಹೋಗಿ ಕೈ ಮುಟ್ಟಿದೆ.
ತಣ್ಣಗಿತ್ತು.
ಐಸ್ ಕಾರ್ಖಾನೆಯಲ್ಲಿ ಬೆಳಗಿನಿಂದ ಗಡ್ಡೆ ಎತ್ತಿದ ಕೈ,
ಒಂದು ಸಂಜೆಗೆ ಬಿಸಿಯಾಗುವುದಿಲ್ಲ.
ಎಬ್ಬಿಸಲಿಲ್ಲ.

ಅಂದಿನಿಂದ ವೇಳಾಪಟ್ಟಿ ಬೇರೆ.
ಮೊದಲ ಹದಿನೈದು ನಿಮಿಷ: ನಿದ್ದೆ. ಕಡ್ಡಾಯ.
ಟ್ಯೂಬ್‌ಲೈಟು ಆರಿಸುತ್ತೇನೆ.
ಬಂದರಿನ ಬೋಟುಗಳ ದೀಪ ಕಿಟಕಿ ಹಾದು ಬಂದು
ಹಲಗೆಯ ಮೇಲೆ ತೂಗಾಡುತ್ತದೆ,
ಓದಲು ಬಾರದವರು ಗೆರೆಯ ಕೆಳಗೆ ಬೆರಳು ಆಡಿಸಿದಂತೆ.
ನಾನು ಬಾಗಿಲಲ್ಲಿ, ಗಡಿಯಾರ ನೋಡುತ್ತಾ, ಕಾವಲು.
ನನಗೂ ಕಣ್ಣು ಎಳೆಯುತ್ತದೆ; ಅದನ್ನು ಯಾವ ಪುಸ್ತಕದಲ್ಲೂ
ಬರೆದಿಡುವ ಕಾಲಂ ಇಲ್ಲ.

ಸಾಹೇಬರು ತಪಾಸಣೆಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ.
ಟಾರ್ಚು ಬಿಟ್ಟರು: ಹದಿಮೂರು ತಲೆ, ಹದಿಮೂರು ಪಟ್ಟಿ.
ಇದೇನು ಮೇಡಂ, ಇದು?
ನಾನು ಬಾಯಿ ತೆರೆಯುವ ಮೊದಲೇ
ಕತ್ತಲಲ್ಲಿ, ಕಣ್ಣು ಮುಚ್ಚಿಕೊಂಡೇ, ಮೋಹಿನಿ:
ಸ್ವಲ್ಪ ಮೆಲ್ಲಗೆ, ಸರ್.
ಕ್ಲಾಸು ನಡೀತಾ ಇದೆ.

ಅವರು ಏನು ಬರೆದುಕೊಂಡು ಹೋದರೋ ನಾನು ಕೇಳಲಿಲ್ಲ.
ಹೊತ್ತಾಗಿತ್ತು, ದೀಪ ಹಾಕಿದೆ.
ಬೊಮ್ಮು ತಲೆ ಎತ್ತಿದ.
ಶಾಯಿ ಆರುವ ಮೊದಲೇ ಮಲಗಿದ್ದನಲ್ಲ,
ಬರೆದ ಒಂದು ಪದ ಕೆನ್ನೆಗೆ ಹತ್ತಿಕೊಂಡಿದೆ, ತಿರುಗುಮುರುಗಾಗಿ.
ಎಲ್ಲರೂ ನಕ್ಕರು; ಓದಲು ಯಾರಿಗೂ ಆಗಲಿಲ್ಲ.
ಮದರಸದಲ್ಲಿ ಬಲದಿಂದ ಎಡಕ್ಕೆ ಓದಿ ಬೆಳೆದ ಗಫೂರ
ಅವನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ,
ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದ:
ಬ. ರು. ವೆ. ನು.